ಜೊತೆಗಾರರಿಲ್ಲದೆ ಬ್ಯಾಕ್‌ಹ್ಯಾಂಡ್ ಸ್ಲೈಸ್: ಬಾಲ್ ಮೆಷಿನ್ ಇಟ್ಟುಕೊಂಡು ಕಲಿಯುವ ಕ್ರಮ

ಟೆನಿಸ್‌ನ ಬ್ಯಾಕ್‌ಹ್ಯಾಂಡ್ ಸ್ಲೈಸ್ ಎಂದರೆ ರಾಕೆಟ್ ಹಿಡಿದ ಕೈಯ ಎದುರು ಬದಿಗೆ ಬಂದ ಚೆಂಡನ್ನು ಹಿಮ್ಮುಖವಾಗಿ ಸುತ್ತುವಂತೆ ಸವರಿ ಹೊಡೆಯುವುದು. ಅದು ಆಟದ ನಡುವೆ ಕಲಿಯುವ ಹೊಡೆತವಲ್ಲ. ಪಂದ್ಯದಲ್ಲಿ ಅದಕ್ಕೆ ತಕ್ಕ ಚೆಂಡು ಬರುವುದೇ ಅಪರೂಪ. ಬಂದರೂ ಒಂದು ಎದೆಯೆತ್ತರಕ್ಕೆ, ಇನ್ನೊಂದು ಕಾಲಬುಡಕ್ಕೆ. ಹೊಡೆತ ಕೆಟ್ಟರೆ ಅದು ಕೈಯ ತಪ್ಪೋ ಚೆಂಡಿನ ತಪ್ಪೋ ತಿಳಿಯುವುದಿಲ್ಲ. ಬಾಲ್ ಮೆಷಿನ್‌ನ ದೊಡ್ಡ ಗುಣ ಇಲ್ಲೇ ಇದೆ: ಒಂದೇ ಜಾಗಕ್ಕೆ, ಒಂದೇ ವೇಗದಲ್ಲಿ ಅದು ಚೆಂಡು ಕೊಡುತ್ತಾ ಹೋಗುತ್ತದೆ. ಹಾಗಾಗಿ ಫಲ ಬೇರೆಯಾದರೆ ಕಾರಣವನ್ನು ನಿಮ್ಮ ಕೈಕಾಲಿನಲ್ಲೇ ಹುಡುಕಬಹುದು. ಈ ಅನುಕೂಲ ಉಳಿಯಬೇಕೆಂದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ವೇಗ, ಎತ್ತರ, ನಿಲುವು ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರೆ ಮೆಷಿನ್ ಇದ್ದೂ ಇಲ್ಲದ ಹಾಗೆ.

ಒಬ್ಬರೇ ಅಭ್ಯಾಸ ಮಾಡುವುದಕ್ಕೆಂದೇ ಚೆಂಡೆಸೆಯುವ ಯಂತ್ರ ಮಾಡಿಕೊಂಡವರಲ್ಲಿ ಫ್ರಾನ್ಸಿನ ಟೆನಿಸ್ ಆಟಗಾರ ರೆನೆ ಲಕೋಸ್ತ್ ಮೊದಲಿಗರ ಸಾಲಿನವರು. ಅದು 1920ರ ದಶಕದ ಮಾತು. ಸ್ಲೈಸ್ ಬರೀ ತಡೆಯುವ ಹೊಡೆತ ಎಂದುಕೊಂಡವರು ಜರ್ಮನಿಯ ಆಟಗಾರ್ತಿ ಸ್ಟೆಫಿ ಗ್ರಾಫ್ ಅವರ 1988ನೇ ಇಸವಿಯನ್ನು ನೆನೆಯಬೇಕು. ನಾಲ್ಕೂ ಗ್ರ್ಯಾಂಡ್ ಸ್ಲಾಮ್, ಜೊತೆಗೆ ಒಲಿಂಪಿಕ್ ಚಿನ್ನ ಗೆದ್ದ ಆ ವರ್ಷದಲ್ಲೂ ಅವರ ಬ್ಯಾಕ್‌ಹ್ಯಾಂಡ್ ಬಹುಪಾಲು ಸ್ಲೈಸ್ ಆಗಿತ್ತು.

ಇಲ್ಲಿರುವುದು ಬಲಗೈ ಆಟಗಾರರ ಲೆಕ್ಕ. ಎಡಗೈಯವರು ಎಡ ಬಲ ಅದಲುಬದಲು ಮಾಡಿಕೊಳ್ಳಿ.

ಹೊತ್ತು, ಗಾಳಿ, ನೆಲ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಬೆಳಗ್ಗೆ ಆರೂವರೆಯಿಂದ ಒಂಬತ್ತರ ಒಳಗೆ ಮುಗಿಸುವುದು ಲೇಸು. ಬೇಸಗೆಯಲ್ಲೂ ಚಳಿಗಾಲದಲ್ಲೂ ಹೊತ್ತೇರಿದ ಮೇಲೆ ಕಡಲಗಾಳಿ ಏಳುತ್ತದೆ, ಸಂಜೆಯವರೆಗೂ ಬಿಡುವುದಿಲ್ಲ. ಸ್ಲೈಸ್ ಮಾಡಿದ ಚೆಂಡು ಹಿಮ್ಮುಖವಾಗಿ ಸುತ್ತುತ್ತಾ ಗಾಳಿಯಲ್ಲಿ ಹೆಚ್ಚು ಹೊತ್ತು ಇರುವುದರಿಂದ ಬೇರೆ ಹೊಡೆತಗಳಿಗಿಂತ ಗಾಳಿಗೆ ಬೇಗ ಸಿಕ್ಕಿಬೀಳುತ್ತದೆ.

ಸಂಜೆಯೇ ಆಡಬೇಕಾಗಿ ಬಂದರೆ ಯಾವ ತುದಿಯಲ್ಲಿ ನಿಲ್ಲಬೇಕು ಎಂಬುದನ್ನು ಮೊದಲು ತೀರ್ಮಾನಿಸಿ. ಟೆನಿಸ್ ಕೋರ್ಟ್‌ಗಳನ್ನು ಸಾಮಾನ್ಯವಾಗಿ ಉತ್ತರ ದಕ್ಷಿಣವಾಗಿ ಹಾಕುತ್ತಾರೆ, ಕಡಲಗಾಳಿ ಪಶ್ಚಿಮದಿಂದ ಅಡ್ಡಕ್ಕೆ ಬೀಸುತ್ತದೆ. ದಕ್ಷಿಣದ ತುದಿಯಲ್ಲಿ ನಿಂತರೆ ಗಾಳಿ ನಿಮ್ಮ ಎಡದಿಂದ ಬಂದು ಬ್ಯಾಕ್‌ಹ್ಯಾಂಡ್ ಚೆಂಡನ್ನು ಮೈಮೇಲೆ ತಳ್ಳುತ್ತದೆ, ಕೈ ಚಾಚಲು ಜಾಗವೇ ಸಿಗುವುದಿಲ್ಲ. ನೀವು ಬಲಮೂಲೆಗೆ ಹೊಡೆದ ಚೆಂಡನ್ನೂ ಅದೇ ಗಾಳಿ ಗೆರೆಯಾಚೆ ಒಯ್ಯುತ್ತದೆ. ಉತ್ತರದ ತುದಿಯಲ್ಲಿ ಎರಡೂ ತಿರುಗುಮುರುಗು: ಬರುವ ಚೆಂಡು ಸ್ವಲ್ಪ ದೂರ ಸರಿಯುತ್ತದೆ, ಹೋಗುವ ಚೆಂಡು ಒಳಕ್ಕೆ ಬಾಗುತ್ತದೆ. ಸಂಜೆಗೆ ಉತ್ತರದ ತುದಿಯನ್ನೇ ಹಿಡಿಯಿರಿ. ದೂರ ಸರಿಯುವಷ್ಟನ್ನು ಮೆಷಿನ್‌ನ ಮುಖ ಅರ್ಧ ಮೀಟರ್ ಒಳಕ್ಕೆ ತಿರುಗಿಸಿ ಸರಿಮಾಡಿಕೊಳ್ಳಬಹುದು.

ಶಿರಸಿಯಲ್ಲಿ ತೊಂದರೆ ಬೇರೆ. ಚಳಿಗಾಲದ ಬೆಳಗ್ಗೆ ಇಬ್ಬನಿ ಬಿದ್ದ ಸಿಮೆಂಟ್ ಕೋರ್ಟ್ ಬಿಸಿಲು ತಾಗುವವರೆಗೂ ತೇವವಾಗಿರುತ್ತದೆ. ಉರುಳಿದ ಚೆಂಡು ಆ ತೇವ ಹೀರಿ ಭಾರವಾಗುತ್ತದೆ, ಮೆಷಿನ್‌ನ ಚಕ್ರದಲ್ಲಿ ಜಾರಿ ಗಿಡ್ಡಕ್ಕೆ ಬೀಳುತ್ತದೆ. ಅಂಗೈ ಒತ್ತಿ ನೋಡಿ, ನೆಲ ಒಣಗಿದೆ ಎನಿಸಿದ ಮೇಲೆಯೇ ಶುರುಮಾಡಿ.

ಮಳೆಗಾಲ ಮುಗಿದು ಕೋರ್ಟ್‌ಗೆ ಮರಳುವಾಗ ಪಾಚಿಯ ಮೇಲೆ ಕಣ್ಣಿರಲಿ. ಬೇಸ್‌ಲೈನ್ (ಕೋರ್ಟ್‌ನ ತುದಿಯ ಅಡ್ಡಗೆರೆ) ಹಿಂದಿನ ಮರದ ನೆರಳಿನ ಪಟ್ಟಿಯಲ್ಲಿ ಅದು ಕೊನೆಯವರೆಗೂ ಉಳಿದಿರುತ್ತದೆ, ಸ್ಲೈಸ್‌ಗೆ ನಿಲ್ಲುವ ಜಾಗವೂ ಅದೇ. ಬ್ಲೀಚಿಂಗ್ ಪೌಡರ್ ನೀರು ಹಾಕಿ, ಗಡುಸು ಪೊರಕೆಯಿಂದ ತಿಕ್ಕಿ, ಚೆನ್ನಾಗಿ ತೊಳೆದು ಒಣಗಲು ಬಿಡಿ.

ಚೆಂಡು ಆರಿಸುವುದು

ಮೆಷಿನ್‌ಗೆ ಒತ್ತಡರಹಿತ ಚೆಂಡುಗಳೇ ಸರಿ. ಡಬ್ಬಿಯಲ್ಲಿ ಬರುವ ಸಾಮಾನ್ಯ ಚೆಂಡಿನ ಒಳಗೆ ಒತ್ತಡದ ಗಾಳಿ ಇರುತ್ತದೆ, ತೆರೆದ ಕೆಲವೇ ವಾರಗಳಲ್ಲಿ ಅದು ಸೋರಿ ಪುಟಿತ ಇಳಿಯುತ್ತದೆ. ಒತ್ತಡರಹಿತ ಚೆಂಡಿನ ಪುಟಿತ ದಪ್ಪ ರಬ್ಬರ್ ಗೋಡೆಯಿಂದ ಬರುವುದು, ಹಾಗಾಗಿ ಬಹುಕಾಲ ಬಾಳುತ್ತದೆ. ಎರಡನ್ನೂ ಬೆರೆಸಬೇಡಿ. ಹೊಸದು ಹಳೆಯದು ಬೆರೆತ ಬುಟ್ಟಿಯಿಂದ ಒಂದು ಚೆಂಡು ಸೊಂಟದೆತ್ತರಕ್ಕೆ, ಮುಂದಿನದು ಮೊಣಕಾಲಿಗೆ ಬಂದರೆ ಮೆಷಿನ್ ತರಿಸಿದ ಉದ್ದೇಶವೇ ಹಾಳು.

ನಿಯಮದ ಪ್ರಕಾರ 254 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟ ಚೆಂಡು 135ರಿಂದ 147 ಸೆಂ.ಮೀ. ಪುಟಿಯಬೇಕು. ಇಲ್ಲಿ ಅಷ್ಟು ಅಳತೆ ಬೇಡ. ಚೆನ್ನಾಗಿರುವ ಒಂದು ಚೆಂಡನ್ನು ಎಡಗೈಯಲ್ಲಿ, ಪರೀಕ್ಷೆಯದನ್ನು ಬಲಗೈಯಲ್ಲಿ ಹಿಡಿದು ಭುಜದೆತ್ತರದಿಂದ ಒಟ್ಟಿಗೆ ಬಿಡಿ. ಒಂದು ಗೇಣು ಕಡಿಮೆ ಪುಟಿದದ್ದನ್ನು ಬದಿಗಿಡಿ. ಅರವತ್ತು ಚೆಂಡು ಸಾಕಾಗುತ್ತದೆ.

ಮೆಷಿನ್ ನಿಲ್ಲಿಸುವುದು

ಹೆಚ್ಚಿನ ಮೆಷಿನ್‌ಗಳಲ್ಲಿ ಎದುರುಬದುರಾಗಿ ತಿರುಗುವ ಎರಡು ಚಕ್ರಗಳು ಚೆಂಡನ್ನು ಹಿಂಡಿ ಎಸೆಯುತ್ತವೆ. ಮೇಲಿನ ಚಕ್ರ ಜೋರಾದರೆ ಟಾಪ್‌ಸ್ಪಿನ್ ಅಂದರೆ ಮುಮ್ಮುಖ ಸುತ್ತು, ಕೆಳಗಿನದು ಜೋರಾದರೆ ಹಿಮ್ಮುಖ ಸುತ್ತು. ಮೊದಲಿಗೆ ಸ್ಪಿನ್ ಸೊನ್ನೆಗೆ ಇಡಿ. ಚೆಂಡನ್ನು ಎಡಕ್ಕೂ ಬಲಕ್ಕೂ ಹಂಚುವ ವ್ಯವಸ್ಥೆ ಇದ್ದರೆ ಅದನ್ನೂ ನಿಲ್ಲಿಸಿ.

ಮೆಷಿನ್ ಅನ್ನು ಎದುರಿನ ಬೇಸ್‌ಲೈನ್‌ನ ನಡುಗುರುತಿನಿಂದ ಒಂದು ಮೀಟರ್ ಹಿಂದೆ ಇಡಿ. ವೇಗಕ್ಕೆ ಡಯಲ್‌ನ ಅಂಕಿಯನ್ನು ನಂಬಬೇಡಿ. ಒಂದು ಮೆಷಿನ್‌ನ 4 ಇನ್ನೊಂದರ 6 ಆಗಿರಬಹುದು. ಚೆಂಡನ್ನೇ ನೋಡಿ ಹೊಂದಿಸಿ. ನೆಟ್‌ನ ಮೇಲೆ ಒಂದೂವರೆ ಮೀಟರ್ ಅಂತರದಲ್ಲಿ ದಾಟಿ, ನಿಮ್ಮ ಸರ್ವಿಸ್ ಲೈನ್‌ನಿಂದ (ನೆಟ್‌ಗೂ ಬೇಸ್‌ಲೈನ್‌ಗೂ ನಡುವಿನ ಅಡ್ಡಗೆರೆ) ಸುಮಾರು ಎರಡು ಮೀಟರ್ ಈಚೆ ಬಿದ್ದು, ಬೇಸ್‌ಲೈನ್ ಹತ್ತಿರ ಸೊಂಟದೆತ್ತರಕ್ಕೆ ಏಳಬೇಕು. ಚಕ್ರಗಳು ಅರ್ಧ ನಿಮಿಷ ಖಾಲಿ ತಿರುಗಲಿ, ಆಮೇಲೆ ಐದಾರು ಚೆಂಡು ಹೊಡೆಯದೆ ಬಿಟ್ಟು ಎಲ್ಲಿ ಬೀಳುತ್ತವೆ ಎಂದು ನೋಡಿ. ಆರಂಭದವು ಹೆಚ್ಚುಕಮ್ಮಿಯಾಗುವುದು ಸಹಜ. ಅವನ್ನು ನೋಡಿ ಡಯಲ್ ತಿರುಗಿಸಿದರೆ ಮುಂದಿನ ಹತ್ತೂ ಕೆಡುತ್ತವೆ.

ಎರಡು ಚೆಂಡುಗಳ ನಡುವಿನ ಅಂತರ ಏಳೆಂಟು ಸೆಕೆಂಡು ಇರಲಿ. ಬಹಳ ಜನ ಎಡವುವುದು ಇಲ್ಲಿಯೇ. ಮೂರು ಸೆಕೆಂಡಿಗೆ ಇಟ್ಟರೆ ಬೆವರು ಬರುತ್ತದೆ, ಕೆಲಸ ಆದಂತೆ ಅನಿಸುತ್ತದೆ. ಆದರೆ ಹತ್ತನೇ ಚೆಂಡಿಗೆ ಕಾಲು ನಿಂತುಹೋಗಿ ಬರೀ ಕೈ ಆಡುತ್ತಿರುತ್ತದೆ. ಚೆಂಡು ಎಲ್ಲಿ ಬಿತ್ತೆಂದು ನೋಡಿ, ರಾಕೆಟ್ ಹಿಡಿತ ಸರಿಮಾಡಿಕೊಂಡು, ಮತ್ತೆ ಸಿದ್ಧರಾಗಲು ಏಳು ಸೆಕೆಂಡು ಬೇಕೇ ಬೇಕು.

ಒಂದು ಸುತ್ತಿಗೆ ಹನ್ನೆರಡು ಚೆಂಡು. ರಿಮೋಟ್ ಇದ್ದರೆ ಅದರಿಂದ ನಿಲ್ಲಿಸಿ. ಇಲ್ಲವಾದರೆ ಬುಟ್ಟಿಗೆ ಹನ್ನೆರಡನ್ನೇ ಹಾಕಿ ನಡೆದು ಬನ್ನಿ, ಆ ನಡಿಗೆಯೇ ವಿಶ್ರಾಂತಿ. ಬುಟ್ಟಿ ತಳ ಕಂಡಾಗ ಕೆಲವು ಮೆಷಿನ್‌ಗಳು ಒಂದೊಂದು ಸರದಿ ಖಾಲಿ ಬಿಡುತ್ತವೆ, ಅದಕ್ಕೆ ಗಾಬರಿ ಬೇಡ.

ಹಗ್ಗ ಮತ್ತು ಹಾಳೆ

ನೆಟ್ ನಡುವಿನಲ್ಲಿ 0.914 ಮೀಟರ್, ಕಂಬದ ಬಳಿ 1.07 ಮೀಟರ್ ಎತ್ತರ. ಎರಡೂ ಕಂಬಕ್ಕೆ ಬಿದಿರು ಗಳ ಕಟ್ಟಿ, ಹಗುರಾದ ನೈಲಾನ್ ದಾರವನ್ನು ಬಿಗಿಯಾಗಿ ಎಳೆದು, ನಡುವಿನಲ್ಲಿ ನೆಲದಿಂದ 1.6 ಮೀಟರ್ ಬರುವಂತೆ ಮಾಡಿ. ನಾರಿನ ಹಗ್ಗ ಬೇಡ, ಭಾರಕ್ಕೆ ಜೋತುಬೀಳುತ್ತದೆ. ಮೆಷಿನ್‌ನ ಚೆಂಡು ಈ ದಾರದ ಮೇಲಿಂದ ಬರಬೇಕು, ನಿಮ್ಮದು ದಾರದ ಕೆಳಗೆ, ನೆಟ್‌ನ ಮೇಲೆ ಹೋಗಬೇಕು. ಸ್ಲೈಸ್ ತೇಲುತ್ತಿದೆಯೇ ಎಂದು ಬೇರೆಯವರನ್ನು ಕೇಳುವುದೇ ಬೇಡ, ದಾರವೇ ಹೇಳುತ್ತದೆ.

ಗುರಿ ಎಂದರೆ ನಿಮಗೆ ಕಾಣುವಂತೆ ಎದುರಿನ ಬಲಮೂಲೆ. ಬಲಗಡೆಯ ಸಿಂಗಲ್ಸ್ ಗೆರೆಯಿಂದ (ಒಳಗಿನ ಬದಿಗೆರೆ) ಒಳಕ್ಕೆ ಎರಡೂವರೆ ಮೀಟರ್, ಬೇಸ್‌ಲೈನ್‌ನಿಂದ ನೆಟ್ ಕಡೆಗೆ ಎರಡೂವರೆ ಮೀಟರ್. ಮೆಷಿನ್ ನಡುವೆ ಇರುವುದರಿಂದ ಅದಕ್ಕೆ ಪೆಟ್ಟು ಬೀಳುವುದೂ ಅಪರೂಪ. ಗುರುತಿಗೆ ನಮ್ಮ ಕಡೆ ಅಡಿಕೆ ಹಾಳೆಗಿಂತ ಒಳ್ಳೆಯದು ಇನ್ನೊಂದಿಲ್ಲ. ಒಣಹಾಳೆ ಸುರುಳಿ ಸುತ್ತಿಕೊಂಡಿರುತ್ತದೆ. ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ನೀರು ಒರೆಸಿ, ಬಿಡಿಸಿ ಹಾಸಿ, ನಾಲ್ಕು ಮೂಲೆಗೂ ಮರಳು ತುಂಬಿದ ಚಿಕ್ಕ ಚೀಲ ಇಟ್ಟರೆ ಗಾಳಿಗೆ ಏಳುವುದಿಲ್ಲ. ಆಯತದ ನಡುವೆ ಇಂಥ ಎರಡು ಹಾಳೆ ಸಾಕು. ಸಿಮೆಂಟಿಗೆ ಬಿದ್ದ ಚೆಂಡಿನ ಸದ್ದಿಗೂ ಹಾಳೆಗೆ ಬಿದ್ದಾಗಿನ ‘ಡಪ್’ ಎನ್ನುವ ಮಂದ ಸದ್ದಿಗೂ ಇರುವ ಅಂತರ ಇಪ್ಪತ್ತು ಮೀಟರ್ ದೂರದಿಂದಲೂ ಕಿವಿಗೆ ಸಿಗುತ್ತದೆ. ತಲೆ ಎತ್ತಿ ನೋಡುವ ಅವಸರವೇ ಇರುವುದಿಲ್ಲ, ಅದರಿಂದ ಹೊಡೆತವೂ ಸುಧಾರಿಸುತ್ತದೆ.

ಹೊಡೆತ

ಹಿಡಿತದಿಂದ ಆರಂಭಿಸೋಣ. ರಾಕೆಟ್ ಹಿಡಿಗೆ ಎಂಟು ಪಟ್ಟಿಗಳಿರುತ್ತವೆ. ರಾಕೆಟ್‌ನ ಮುಖ ನೆಲಕ್ಕೆ ಲಂಬವಾಗಿ, ಅಂಚು ಮೇಲಾಗಿ ಇರುವಂತೆ ಹಿಡಿದಾಗ ತೀರಾ ಮೇಲಿನದು ಒಂದನೆಯದು, ಅದರ ಬಲಕ್ಕೆ ಓರೆಯಾಗಿರುವುದು ಎರಡನೆಯದು. ತೋರುಬೆರಳಿನ ಬುಡದ ಗೆಣ್ಣು ಆ ಎರಡನೆಯದರ ಮೇಲೆ ಕೂರಬೇಕು. ತೋಟದಲ್ಲಿ ಕತ್ತಿ ಹಿಡಿಯುವ ಹಿಡಿತವೇ ಇದು. ಮುಷ್ಟಿ ತೀರಾ ಬಿಗಿ ಬೇಡ, ಚೆಂಡು ತಾಗುವ ಕ್ಷಣಕ್ಕೆ ಗಟ್ಟಿಯಾದರೆ ಸಾಕು.

ಚೆಂಡು ಮೆಷಿನ್ ಬಿಟ್ಟ ಕೂಡಲೇ ಭುಜ ತಿರುಗಲಿ. ಎಡಗೈ ರಾಕೆಟ್‌ನ ಕುತ್ತಿಗೆ ಹಿಡಿದು ಅದನ್ನು ಎಡಭುಜದ ಮೇಲಕ್ಕೆ ಒಯ್ಯಬೇಕು. ರಾಕೆಟ್‌ನ ತಲೆ ಮಣಿಕಟ್ಟಿಗಿಂತ ಮೇಲಿರಬೇಕು, ಬಲಭುಜ ನೆಟ್ ಕಡೆ ಕಾಣಬೇಕು. ಇಲ್ಲಿ ಎಡಗೈ ಬೇಗ ಬಿಟ್ಟವರ ರಾಕೆಟ್ ಬೆನ್ನ ಹಿಂದೆ ಇಳಿದುಹೋಗುತ್ತದೆ, ಮತ್ತೆ ಅದನ್ನು ಎತ್ತಿ ತರುವಷ್ಟರಲ್ಲಿ ತಡವಾಗಿರುತ್ತದೆ.

ಬಲಗಾಲು ಚೆಂಡಿನ ಕಡೆಗೆ ಮುಂದಿಡಿ, ಮೈಭಾರ ಅದರ ಮೇಲೆ ಬರಲಿ, ಮೊಣಕಾಲು ಬಾಗಲಿ. ಚೆಂಡು ತಗ್ಗಿದಷ್ಟೂ ಮೊಣಕಾಲು ತಗ್ಗಬೇಕು, ರಾಕೆಟ್‌ನ ತಲೆಯಲ್ಲ. ಬಲಗಾಲಿಗಿಂತ ಒಂದು ಮೊಳದಷ್ಟು ಮುಂದೆ ಚೆಂಡು ತಾಗಬೇಕು. ರಾಕೆಟ್‌ನ ಮುಖ ಆಕಾಶದ ಕಡೆ ಸ್ವಲ್ಪವೇ ತೆರೆದಿರಲಿ. ದಾರಿ ಮೇಲಿಂದ ಕೆಳಕ್ಕೆ ಎಂದು ಎಲ್ಲರೂ ಹೇಳುತ್ತಾರೆ, ಅದು ಅರ್ಧ ಮಾತು. ಇಳಿಯುವುದಕ್ಕಿಂತ ಹೆಚ್ಚು ಮುಂದಕ್ಕೆ ಹೋಗಬೇಕು. ಸೌದೆ ಒಡೆದಂತೆ ಕೆಳಕ್ಕೆ ಕಡಿದರೆ ಚೆಂಡಿಗೆ ಸುತ್ತು ಸಿಗುತ್ತದೆ, ಓಟ ಸಿಗುವುದಿಲ್ಲ. ಅಂಥ ಚೆಂಡು ಎದುರಾಳಿಯ ಮುಂದೆ ಮೆಲ್ಲಗೆ ಎದ್ದು ನಿಂತುಬಿಡುತ್ತದೆ. ಮುಂದಕ್ಕೆ ತಳ್ಳಿ ಸವರಿದ ಚೆಂಡಾದರೆ ಬಿದ್ದ ಮೇಲೆ ನೆಲ ಹಿಡಿದು ಜಾರುತ್ತದೆ.

ಚೆಂಡು ತಾಗುವಾಗ ಎಡಗೈ ಹಿಂದಕ್ಕೆ ಚಾಚಲಿ, ಪಾತಿ ದೋಣಿಯಲ್ಲಿ ನಿಂತವರು ತೂಕ ಹಿಡಿಯುವ ಹಾಗೆ. ಆ ಕೈ ಹಿಂದೆ ಇದ್ದರೆ ಎದೆ ನೆಟ್ ಕಡೆ ತೆರೆದುಕೊಳ್ಳುವುದಿಲ್ಲ. ಕೊನೆಗೆ ರಾಕೆಟ್ ಗುರಿಯ ಕಡೆ ಚಾಚಿ ಎದೆಯೆತ್ತರದಲ್ಲಿ ನಿಲ್ಲಬೇಕು. ಅಲ್ಲೇ ಒಂದು ಕ್ಷಣ ಅಲುಗಾಡದೆ ನಿಂತು ನೋಡಿ. ನಿಲ್ಲಲಾಗದಿದ್ದರೆ ಕಾಲು ತಪ್ಪಿದೆ ಎಂದೇ ಅರ್ಥ.

ಹಂತಗಳು

ಮೊದಲು ಚೆಂಡಿಲ್ಲದೆ ಇಪ್ಪತ್ತು ಸಲ. ಆಮೇಲೆ ಎಡಗೈಯಿಂದ ಚೆಂಡು ಕೆಳಬಿಟ್ಟು ಹತ್ತು ಹೊಡೆತ. ಮಳೆಗಾಲದಲ್ಲಿ ಇವೆರಡಕ್ಕೆ ಮನೆಯ ಜಗಲಿಯೇ ಸಾಕಾಗುತ್ತದೆ.

ಮೆಷಿನ್‌ನ ಮೊದಲ ಹಂತ ಅರ್ಧ ಕೋರ್ಟ್‌ನಲ್ಲಿ. ಮೆಷಿನ್ ಅನ್ನು ಎದುರಿನ ಸರ್ವಿಸ್ ಲೈನ್‌ಗಿಂತ ಎರಡು ಮೀಟರ್ ಹಿಂದಿಟ್ಟು, ಕಡಿಮೆ ವೇಗದಲ್ಲಿ ನಿಮ್ಮ ಸರ್ವಿಸ್ ಬಾಕ್ಸ್‌ನ (ನೆಟ್‌ಗೂ ಸರ್ವಿಸ್ ಲೈನ್‌ಗೂ ನಡುವಿನ ಅಂಕಣ) ನಡುವಿಗೆ ಚೆಂಡು ಬೀಳುವಂತೆ ಮಾಡಿ. ನೀವು ನಿಮ್ಮ ಸರ್ವಿಸ್ ಲೈನ್‌ನ ಒಂದು ಹೆಜ್ಜೆ ಹಿಂದೆ ನಿಲ್ಲಿ. ಎದುರಿನ ಬಲಗಡೆಯ ಸರ್ವಿಸ್ ಬಾಕ್ಸ್ ಗುರಿ. ದಾರ ಈಗ ಬೇಡ, ಬರುವ ಚೆಂಡೇ ಅದಕ್ಕೆ ತಾಗುತ್ತದೆ. ಜೋರು ತೋರಿಸಲು ಅವಕಾಶವಿಲ್ಲದ ಈ ದೂರದಲ್ಲಿ ರಾಕೆಟ್‌ನ ಮುಖದ ಕೋನ ಬೇಗ ಕೈಗೆ ಹತ್ತುತ್ತದೆ. ಎರಡು ಸುತ್ತು ಸಾಕು.

ಎರಡನೆಯದು ಪೂರ್ಣ ಕೋರ್ಟ್, ಮೇಲೆ ಹೇಳಿದ ಹೊಂದಿಕೆ, ದಾರ ಮತ್ತು ಹಾಳೆ. ಎಣಿಕೆಯ ನಿಯಮ ಒಂದೇ: ದಾರದ ಕೆಳಗೆ ಹೋಗಿ ಆಯತದೊಳಗೆ ಬಿದ್ದದ್ದಕ್ಕೆ ಮಾತ್ರ ಒಂದು ಅಂಕ. ಹನ್ನೆರಡರಲ್ಲಿ ಎಂಟು, ಅದೂ ಸತತ ಎರಡು ಸುತ್ತು ಬಂದರೆ ಮುಂದಿನ ಹಂತ. ಐದಕ್ಕಿಂತ ಕಡಿಮೆಯಾದರೆ ಅರ್ಧ ಕೋರ್ಟ್‌ಗೆ ಮರಳಿ. ನಡುವೆ ಇದ್ದರೆ ಅಲ್ಲೇ ಮುಂದುವರಿಯಿರಿ. ಈ ಹಂತಕ್ಕೆ ಎರಡು ಮೂರು ವಾರ ಹಿಡಿದರೂ ಬೇಸರಪಡಬೇಡಿ. ಮುಂದಿನದೆಲ್ಲ ಇದರ ಮೇಲೆಯೇ ನಿಲ್ಲುವುದು.

ಮೂರನೆಯದರಲ್ಲಿ ಮೆಷಿನ್ ಹಾಗೇ ಇರಲಿ, ನೀವು ಬದಲಾಗಿ. ಪ್ರತಿ ಹೊಡೆತದ ಬಳಿಕ ಬೇಸ್‌ಲೈನ್‌ನ ನಡುಗುರುತಿಗೆ ಮರಳಿ, ಅಲ್ಲಿಂದ ಮತ್ತೆ ಚೆಂಡಿಗೆ ಹೋಗಿ. ಅಂಕ ಎಂಟರಿಂದ ನಾಲ್ಕಕ್ಕೆ ಬೀಳುವುದು ಖಂಡಿತ, ನಿಂತು ಹೊಡೆಯುವುದಕ್ಕೂ ಓಡಿ ಹೊಡೆಯುವುದಕ್ಕೂ ಇರುವ ದೂರ ಅದು.

ನಾಲ್ಕನೆಯದಕ್ಕೆ ಅಂತರವನ್ನು ಐದು ಸೆಕೆಂಡಿಗೆ ಇಳಿಸಿ. ಐದನೆಯದರಲ್ಲಿ ಸ್ಪಿನ್ ಬದಲಿಸಿ, ಮೊದಲು ಹಗುರ ಟಾಪ್‌ಸ್ಪಿನ್, ಆಮೇಲೆ ಹಿಮ್ಮುಖ ಸುತ್ತು. ಈ ಕ್ರಮಕ್ಕೆ ಕಾರಣವಿದೆ. ಟಾಪ್‌ಸ್ಪಿನ್ ಚೆಂಡನ್ನು ಸ್ಲೈಸ್ ಮಾಡಿದಾಗ ಅದು ಸುತ್ತುತ್ತಿದ್ದ ದಿಕ್ಕಿನಲ್ಲೇ ಸುತ್ತುತ್ತಾ ಹಿಂದಿರುಗುತ್ತದೆ. ಹಿಮ್ಮುಖ ಸುತ್ತಿನ ಚೆಂಡಿಗಾದರೆ ಸುತ್ತನ್ನು ನಿಲ್ಲಿಸಿ ತಿರುಗಿಸಬೇಕು, ಮೇಲಾಗಿ ಅದು ಕೆಳಗೇ ಉಳಿಯುತ್ತದೆ. ಎಡಬಲ ಹಂಚಿಕೆ ಎಲ್ಲಕ್ಕಿಂತ ಕೊನೆಗೆ.

ಒಂದು ದಿನಕ್ಕೆ ನಲವತ್ತೈದು ನಿಮಿಷ, ಹತ್ತು ಸುತ್ತು, ನೂರಿಪ್ಪತ್ತು ಹೊಡೆತ. ಕರಾವಳಿಯ ಸೆಕೆಯಲ್ಲಿ ಹಿಡಿ ಬೆವರಿಗೆ ಜಾರುತ್ತದೆ, ಜಾರಿದ ಹಿಡಿಯನ್ನು ಬಿಗಿಹಿಡಿದೇ ಮೊಣಕೈ ನೋವು ಬರುವುದು. ಸುತ್ತಿನ ನಡುವೆ ಟವೆಲ್‌ಗೆ ಕೈ ಒರೆಸಿ, ಉಪ್ಪು ಹಾಕಿದ ಮುರುಗಲು ಪಾನಕವನ್ನೋ ಎಳನೀರನ್ನೋ ಸ್ವಲ್ಪ ಸ್ವಲ್ಪ ಕುಡಿಯುತ್ತಿರಿ. ಮೊಣಕೈಯ ಹೊರಬದಿ ನೋಯತೊಡಗಿದರೆ ಅಂದಿಗೆ ನಿಲ್ಲಿಸಿ.

ಏನು ಕೆಡುತ್ತದೆ, ಯಾಕೆ

ಚೆಂಡು ದಾರದ ಮೇಲೆ ಹೋಗಿ ಬೇಸ್‌ಲೈನ್ ದಾಟಿದರೆ ರಾಕೆಟ್‌ನ ಮುಖ ಹೆಚ್ಚು ತೆರೆದಿದೆ. ಬಹಳ ಸಲ ಇದರ ಮೂಲ ತಡವಾಗಿ ತಾಗಿಸುವುದು: ಚೆಂಡು ಮೈಯ ಪಕ್ಕಕ್ಕೆ ಬಂದಾಗ ಮಣಿಕಟ್ಟು ತಾನಾಗಿ ಹಿಂದಕ್ಕೆ ಮಡಚಿ ಮುಖ ತೆರೆಯುತ್ತದೆ. ಮುಖ ಮುಚ್ಚಲು ಹೋಗಬೇಡಿ, ಭುಜ ಬೇಗ ತಿರುಗಿಸಿ.

ದಾರದ ಮೇಲೆ ಹೋಗಿಯೂ ಗಿಡ್ಡಕ್ಕೆ ಬಿದ್ದರೆ ಕಡಿಯುತ್ತಿದ್ದೀರಿ. ರಾಕೆಟ್‌ನ ಆರಂಭದ ಎತ್ತರವನ್ನು ಕಿವಿಯಿಂದ ಭುಜಕ್ಕೆ ಇಳಿಸಿ, ಕೊನೆಯ ಚಾಚನ್ನು ಉದ್ದಮಾಡಿ. ಕಿವಿಯೂ ಇಲ್ಲಿ ಸಹಾಯಕ್ಕೆ ಬರುತ್ತದೆ. ಕಡಿದ ಹೊಡೆತ ಒಣ ‘ಟಕ್’ ಅನ್ನುತ್ತದೆ, ಸವರಿದ ಹೊಡೆತದಲ್ಲಿ ತಂತಿಯ ಮೇಲೆ ಉಜ್ಜಿದ ಸದ್ದು ಚೂರು ಉದ್ದವಿರುತ್ತದೆ.

ನೆಟ್‌ಗೆ ಹೋಗುತ್ತಿದ್ದರೆ ಮೊಣಕಾಲು ನೋಡಿ, ಅದು ನೇರವಾಗಿದ್ದಾಗ ರಾಕೆಟ್‌ನ ತಲೆ ಚೆಂಡಿಗಾಗಿ ಕೆಳಕ್ಕೆ ಜೋತುಬೀಳುತ್ತದೆ. ಬಲಗಡೆಯ ಗೆರೆಯಾಚೆ ಹೋಗುತ್ತಿದ್ದರೆ ಎದೆ ತೆರೆದು ರಾಕೆಟ್ ಅಡ್ಡಕ್ಕೆ ಎಳೆಯುತ್ತಿದ್ದೀರಿ, ಎಡಗೈ ಹಿಂದೆ ಉಳಿಯಲಿ. ಮೊಬೈಲನ್ನು ಬೇಲಿಗೆ ಸಿಕ್ಕಿಸಿ ಪಕ್ಕದಿಂದ ಒಂದು ಸುತ್ತು ಚಿತ್ರೀಕರಿಸಿದರೆ ಇವೆಲ್ಲ ಕಣ್ಣಿಗೇ ಕಾಣುತ್ತವೆ.

ಎಲ್ಲ ಹೊಡೆತಗಳೂ ಒಮ್ಮೆಲೇ ಕೆಟ್ಟರೆ ಮಾತ್ರ ಮೆಷಿನ್ ಮೇಲೆ ಅನುಮಾನಪಡಿ. ಬ್ಯಾಟರಿ ಇಳಿದಾಗ ಚೆಂಡು ಮೆಲ್ಲಮೆಲ್ಲಗೆ ಗಿಡ್ಡವಾಗುತ್ತಾ ಬರುತ್ತದೆ. ನೀವು ಅರಿಯದೆ ಮುಂದೆ ಮುಂದೆ ನಡೆದಿರುತ್ತೀರಿ. ಬೇಸ್‌ಲೈನ್ ನಿಮ್ಮ ಬೆನ್ನ ಹಿಂದೆ ಎಷ್ಟು ದೂರವಿದೆ ಎಂದು ಆಗಾಗ ತಿರುಗಿ ನೋಡಿ.

ಮೆಷಿನ್ ಕಲಿಸದ ಒಂದು ಸಂಗತಿಯೂ ಇದೆ. ಅದಕ್ಕೆ ಭುಜವಿಲ್ಲ, ರಾಕೆಟ್ ಇಲ್ಲ. ಎದುರಾಳಿಯ ಮೈನೋಡಿ ಮೊದಲೇ ಸಿದ್ಧವಾಗುವ ಅಭ್ಯಾಸ ಮಂಕಾಗುತ್ತದೆ. ಚೆಂಡು ಚಕ್ರಕ್ಕೆ ಇಳಿಯುವ ಸದ್ದಿಗೆ ಸರಿಯಾಗಿ ಎರಡೂ ಕಾಲಲ್ಲಿ ಚಿಕ್ಕ ಜಿಗಿತ ಹಾಕಿ ಹೊರಡುವುದನ್ನು ರೂಢಿಸಿಕೊಳ್ಳಿ. ವಾರಕ್ಕೊಮ್ಮೆಯಾದರೂ ಮನುಷ್ಯರೊಂದಿಗೆ ಆಡಿ.

ಅಪಾಯ ಮತ್ತು ಆರೈಕೆ

ಚಾಲೂ ಇರುವ ಮೆಷಿನ್‌ನ ಬಾಯಿಗೆ ಮುಖ ಒಡ್ಡಬಾರದು. ಚೆಂಡು ಸಿಕ್ಕಿಕೊಂಡರೆ ಸ್ವಿಚ್ ಆರಿಸಿ, ಚಕ್ರ ಪೂರ್ತಿ ನಿಂತ ಮೇಲೆಯೇ ಕೈ ಹಾಕಿ. ನಿಮ್ಮ ಕಾಲ ಸುತ್ತ ಉರುಳಿಬಂದ ಚೆಂಡುಗಳನ್ನು ಪ್ರತಿ ಸುತ್ತಿನ ಬಳಿಕ ಬದಿಗೆ ತಳ್ಳಿ, ಹಿಂದೆ ಹೆಜ್ಜೆಯಿಡುವಾಗ ಪಾದ ಉಳುಕುವುದು ಅವುಗಳಿಂದಲೇ.

ಚೆಂಡಿನ ನಯವಾದ ನೂಲು ಮತ್ತು ಕೆಂಪುಮಣ್ಣಿನ ಧೂಳು ಸೇರಿ ಚಕ್ರದ ರಬ್ಬರ್ ನುಣುಪಾಗುತ್ತದೆ, ಆಗ ಒಂದೊಂದು ಚೆಂಡು ಜಾರಿ ಗಿಡ್ಡಕ್ಕೆ ಬೀಳುತ್ತದೆ. ವಾರಕ್ಕೊಮ್ಮೆ ಹಿಂಡಿದ ಒದ್ದೆಬಟ್ಟೆಯಿಂದ ಒರೆಸಿ ಒಣಗಿಸಿ. ಚಕ್ರಕ್ಕೆ ಎಣ್ಣೆ ತಾಗಲೇಬಾರದು. ಕಡಲತೀರದಲ್ಲಿ ಉಪ್ಪುಗಾಳಿ ನಟ್ಟು ಬೋಲ್ಟಿಗೆ ತುಕ್ಕು ತರುತ್ತದೆ, ಬ್ಯಾಟರಿಯ ತುದಿಗಳಲ್ಲಿ ಬಿಳಿ ಹಸಿರು ಪುಡಿ ಕಟ್ಟುತ್ತದೆ. ತಂತಿ ಬಿಚ್ಚಿ, ಪುಡಿ ಕೆರೆದು, ಮತ್ತೆ ಬಿಗಿದ ಮೇಲೆ ವ್ಯಾಸಲಿನ್ ಸವರಿ. ಕೊಬ್ಬರಿ ಎಣ್ಣೆ ಹಚ್ಚಿದರೆ ಧೂಳು ಅಂಟುತ್ತದೆ.

ಲೆಡ್ ಆಸಿಡ್ ಬ್ಯಾಟರಿಯಾದರೆ ಆಡಿ ಬಂದ ದಿನವೇ ಚಾರ್ಜಿಗೆ ಹಾಕಿ, ಖಾಲಿ ಇಟ್ಟಷ್ಟು ದಿನವೂ ಅದರ ಆಯುಸ್ಸು ಕುಗ್ಗುತ್ತದೆ. ಜೂನ್‌ನಲ್ಲಿ ಎತ್ತಿಡುವಾಗ ಪೂರ್ತಿ ಚಾರ್ಜ್ ಮಾಡಿ, ಮಳೆಗಾಲದಲ್ಲೂ ತಿಂಗಳಿಗೊಮ್ಮೆ ಚಾರ್ಜ್ ಕೊಡಿ. ರಿಮೋಟ್‌ನ ಸೆಲ್ ತೆಗೆದಿಡಿ, ತೇವಕ್ಕೆ ಸೋರಿ ಒಳಗಿನ ಸ್ಪ್ರಿಂಗ್ ತಿನ್ನುತ್ತದೆ. ಚೆಂಡುಗಳನ್ನು ಗೋಣಿಚೀಲದಲ್ಲಿ ಕಟ್ಟಿ ನೆಲದ ಮೇಲಿಡಬೇಡಿ, ಬೂಷ್ಟು ಹಿಡಿಯುತ್ತದೆ. ಬಲೆಚೀಲಕ್ಕೆ ತುಂಬಿ ಗಾಳಿಯಾಡುವ ಕಡೆ ತೂಗುಹಾಕಿ. ಒಲೆಯ ಮೇಲಿನ ಅಟ್ಟ ಬೇಡ, ಬಿಸಿಗೆ ರಬ್ಬರ್ ಗಡುಸಾಗುತ್ತದೆ.